ಕಾಲೇಜಿನ ಟ್ಯಾಪ್ ಕಾರ್ಡ್: ಒಂದೂವರೆ ವರ್ಷ ಕುತ್ತಿಗೆಗೆ ನೇತುಹಾಕಿಕೊಂಡ ಮೇಲೆ

ನಮ್ಮ ಕ್ಯಾಂಟೀನ್ ಇರುವುದು ನೆಲಮಾಳಿಗೆಯಲ್ಲಿ. ಮೆಟ್ಟಿಲು ಇಳಿದರೆ ಮೊಬೈಲಿನ ಸಿಗ್ನಲ್ ಒಂದು ಕಡ್ಡಿಗೆ ಬರುತ್ತದೆ, ದೋಸೆ ಕಲ್ಲಿನ ಹತ್ತಿರ ಹೋದರೆ ಅದೂ ಇಲ್ಲ. ಮೊದಲ ವರ್ಷ ಹನ್ನೊಂದು ಗಂಟೆ ಬ್ರೇಕಿನಲ್ಲಿ ಕೌಂಟರ್ ಮುಂದೆ ಎಲ್ಲರೂ ಮೊಬೈಲ್ ಮೇಲೆತ್ತಿ ಹಿಡಿದು ನಿಂತಿರುತ್ತಿದ್ದೆವು. ಯುಪಿಐ ಚಕ್ರ ತಿರುಗುತ್ತಲೇ ಇರುತ್ತಿತ್ತು. ಬ್ರೇಕ್ ಹದಿನೈದೇ ನಿಮಿಷ. ನೋಟು ಕೊಟ್ಟರೆ ಚಿಲ್ಲರೆ ಬದಲು ಚಾಕ್ಲೇಟ್. ಆ ಒಂದು ವರ್ಷದಲ್ಲಿ ನಾನು ತಿಂದಷ್ಟು ಚಾಕ್ಲೇಟನ್ನು ಚಿಕ್ಕಂದಿನಲ್ಲೂ ತಿಂದಿರಲಿಲ್ಲ.

ಎರಡನೇ ವರ್ಷಕ್ಕೆ ಐಡಿ ಕಾರ್ಡನ್ನೇ ದುಡ್ಡಿನ ಕಾರ್ಡ್ ಮಾಡಿದರು. ಕ್ಯಾಂಟೀನ್, ಜೆರಾಕ್ಸ್, ಲೈಬ್ರರಿ ಫೈನ್, ಎಲ್ಲದಕ್ಕೂ ಅದೇ. ನಗದು ಬಂದ್. ಇದು ಬೇಕಿತ್ತಾ ಅಂತ ನಾನೂ ಗೊಣಗಿದ್ದೆ. ಆದರೆ ಕೌಂಟರ್ ವಿಷಯದಲ್ಲಿ ಸುಮ್ನೆ ಗೊಣಗಿದೆ ಅಂತ ಈಗ ಒಪ್ಪಿಕೊಳ್ಳುತ್ತೇನೆ. ಅಣ್ಣ ಮೊತ್ತ ಒತ್ತುತ್ತಾರೆ, ಕಾರ್ಡ್ ಮುಟ್ಟಿಸಿದರೆ ಪೀಂ ಅನ್ನುತ್ತದೆ, ಉಳಿದ ಬ್ಯಾಲೆನ್ಸ್ ತೋರಿಸುತ್ತದೆ, ಅಷ್ಟೇ. ಒಂದು ಕೈಯಲ್ಲಿ ಬಿಸಿಬೇಳೆಬಾತ್ ತಟ್ಟೆ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಮುಗಿಸಬಹುದು. ಮಿಷನ್‌ಗೆ ನೆಟ್‌ವರ್ಕ್ ಲೈನ್ ಎಳೆದಿರುವುದರಿಂದ ನಮ್ಮ ಸಿಗ್ನಲ್ಲಿನ ಗೊಡವೆಯೇ ಇಲ್ಲ.

ಇದು ಹೇಗೆ ಕೆಲಸ ಮಾಡುತ್ತದೆ ಅಂತ ನನಗೆ ತಿಳಿದದ್ದು ಕ್ಲಾಸಿನಲ್ಲಲ್ಲ. ನಾನು ಓದುತ್ತಿರುವುದು ಎಲೆಕ್ಟ್ರಾನಿಕ್ಸೇ, ಆದರೂ. ನನ್ನ ಲ್ಯಾಬ್ ಪಾರ್ಟ್ನರ್‌ಗೆ ಟ್ಯಾಗ್ ಕೊಂಡಿ ಸಡಿಲ ಅನ್ನಿಸಿ, ಕಾರ್ಡಿನ ಮೂಲೆಯಲ್ಲಿ ಪಂಚಿಂಗ್ ಮಿಷನ್ನಿಂದ ಇನ್ನೊಂದು ತೂತು ಹೊಡೆದಳು. ಅವತ್ತಿನಿಂದ ಕಾರ್ಡ್ ಸತ್ತಿತು. ರಾತ್ರಿ ಹಾಸ್ಟೆಲಿನಲ್ಲಿ ಅದರ ಹಿಂದೆ ಮೊಬೈಲ್ ಟಾರ್ಚ್ ಹಿಡಿದು ನೋಡಿದೆವು. ಪ್ಲಾಸ್ಟಿಕ್ ಒಳಗೆ ಅಂಚಿನ ಸುತ್ತ ಕೂದಲಿನಂಥ ತಂತಿ, ನಾಲ್ಕೈದು ಸುತ್ತು, ಒಂದು ಕಡೆ ಸಾಸಿವೆ ಕಾಳಿನಷ್ಟು ಚಿಪ್. ತೂತು ಸರಿಯಾಗಿ ಆ ತಂತಿಗಳ ಮೇಲೇ ಬಿದ್ದಿತ್ತು. ಕಾರ್ಡಿನಲ್ಲಿ ಬ್ಯಾಟರಿ ಇಲ್ಲ. ಮಿಷನ್ 13.56 ಮೆಗಾಹರ್ಟ್ಸ್‌ನಲ್ಲಿ ಅಲೆ ಬಿಡುತ್ತದೆ, ಈ ಸುರುಳಿ ಅದರಿಂದಲೇ ಕರೆಂಟ್ ಹುಟ್ಟಿಸಿಕೊಂಡು ಚಿಪ್ಪನ್ನು ಎಬ್ಬಿಸುತ್ತದೆ. ಸುರುಳಿ ತುಂಡಾದರೆ ಚಿಪ್ ಏಳುವುದಿಲ್ಲ. ಹೊಸ ಕಾರ್ಡಿಗೆ 200 ರೂಪಾಯಿ ಕಟ್ಟಿದಳು ಪಾಪ. ಆದ್ದರಿಂದ ಜೂನಿಯರ್‌ಗಳೇ, ತೂತು ಹೊಡೆಯಬೇಡಿ.

ಇನ್ನೊಂದು ತಮಾಷೆ. ನಾನು ಬೆಂಗಳೂರಿನವಳು, ಮೆಟ್ರೋ ಕಾರ್ಡ್ ಐಡಿ ಪೌಚಿನಲ್ಲೇ ಇರುತ್ತಿತ್ತು. ಪೌಚ್ ಸಮೇತ ಮುಟ್ಟಿಸಿದರೆ ಮಿಷನ್ ಕೆಂಪು ದೀಪ ಹಾಕಿ ಸುಮ್ಮನಾಗುತ್ತಿತ್ತು. ಎರಡೂ ಒಂದೇ ಫ್ರೀಕ್ವೆನ್ಸಿಯವು, ಎರಡೂ ಒಟ್ಟಿಗೆ ಬಾಯಿ ತೆಗೆದರೆ ಅದು ಯಾರ ಮಾತು ಕೇಳಬೇಕು? ಈಗ ಮೆಟ್ರೋ ಕಾರ್ಡ್ ಪರ್ಸಿನಲ್ಲಿದೆ.

ಆ ಮೆಟ್ರೋ ಕಾರ್ಡಿಗೂ ನಮ್ಮದಕ್ಕೂ ನಿಜವಾದ ವ್ಯತ್ಯಾಸ ಗೊತ್ತಾಗಿದ್ದು ಸರ್ವರ್ ಬಿದ್ದ ದಿನ. ನನ್ನ ಹತ್ತಿರ ಇರುವುದು ಎನ್‌ಸಿಎಂಸಿ ಕಾರ್ಡ್, 2019ರ ಮಾರ್ಚ್‌ನಲ್ಲಿ ದೇಶದ ಮೆಟ್ರೋ, ಬಸ್ಸುಗಳಿಗೆಲ್ಲ ಒಂದೇ ಕಾರ್ಡ್ ಅಂತ ಶುರು ಮಾಡಿದ್ದು. ಅದರಲ್ಲಿ ಪ್ರಯಾಣದ ದುಡ್ಡು ಚಿಪ್ಪಿನೊಳಗೇ ಕೂತಿರುತ್ತದೆ. ಗೇಟು ಬ್ಯಾಂಕನ್ನು ಕೇಳಲು ಹೋಗುವುದಿಲ್ಲ, ಅಲ್ಲೇ ಕಳೆದು ಬಾಗಿಲು ತೆಗೆಯುತ್ತದೆ. ಕಾಲೇಜಿನ ಕಾರ್ಡಿನಲ್ಲಿ ಇರುವುದು ಬರೀ ನಂಬರ್. ದುಡ್ಡು ಆಫೀಸಿನ ಕಂಪ್ಯೂಟರಿನಲ್ಲಿ. ಅದು ಮಲಗಿದರೆ ನಾವೂ ಉಪವಾಸ. ಅವತ್ತು ಕ್ಯಾಂಟೀನ್ ಅಣ್ಣ ಎಣ್ಣೆ ಕಲೆಯ ಉದ್ದನೆಯ ನೋಟ್‌ಬುಕ್ ತೆಗೆದು, ಯುಎಸ್‌ಎನ್ ಅಂದರೆ ನಮ್ಮ ವಿದ್ಯಾರ್ಥಿ ನಂಬರ್ ಬರೆಸಿಕೊಂಡು, "ನಾಳೆ ಎರಡು ಸಲ ಟ್ಯಾಪ್ ಮಾಡಿ" ಅಂದರು. ಆ ನೋಟ್‌ಬುಕ್‌ಗೆ ನನ್ನ ಕಡೆಯಿಂದ ಐದಕ್ಕೆ ಐದು.

ನಮ್ಮ ಕಾಲೇಜಿನ ಕಾರ್ಡಿಗೆ ಪಿನ್ ಇಲ್ಲ. ಬ್ಯಾಂಕಿನ ಟ್ಯಾಪ್ ಕಾರ್ಡಿಗೂ 5,000 ರೂಪಾಯಿವರೆಗೆ ಪಿನ್ ಬೇಕಿಲ್ಲ, 2021ರ ಜನವರಿಯಿಂದ ಹಾಗೆ. ಆದರೆ ಅಲ್ಲಿ ತಕ್ಷಣ ಮೆಸೇಜ್ ಬರುತ್ತದೆ, ಆಪ್‌ನಲ್ಲಿ ನಾವೇ ಬಂದ್ ಮಾಡಬಹುದು. ಇಲ್ಲಿ ಎರಡೂ ಇಲ್ಲ. ಒಂದು ಶುಕ್ರವಾರ ಸಂಜೆ ನನ್ನ ಕಾರ್ಡ್ ಕಳೆಯಿತು. ಬ್ಲಾಕ್ ಮಾಡುವ ಕಿಟಕಿ ಸೋಮವಾರ ಹತ್ತು ಗಂಟೆಗೇ ತೆರೆಯುವುದು. ಆಮೇಲೆ ಸ್ಟೇಟ್‌ಮೆಂಟ್ ತೆಗೆಸಿದರೆ, ಶನಿವಾರ ನನ್ನ ಹೆಸರಿನಲ್ಲಿ ಯಾರೋ ಎರಡು ಪ್ಲೇಟ್ ಗೋಬಿ ಮಂಚೂರಿ, ಮೂರು ಲೆಮನ್ ಟೀ ಹೊಡೆದಿದ್ದಾರೆ. ಒಬ್ಬರೇ ಅಲ್ಲ ಅನ್ನುವುದಂತೂ ಖಾತ್ರಿ. ಟ್ಯಾಪ್ ಮಾಡಿದಾಗ ಪರದೆಯಲ್ಲಿ ಒಂದು ಫೋಟೋ ಬಂದಿದ್ದರೂ ಅಣ್ಣ ಹಿಡಿಯುತ್ತಿದ್ದರು, ಅಲ್ವಾ?

ಕುತೂಹಲಕ್ಕೆ ಎನ್‌ಎಫ್‌ಸಿ ಇರುವ, ಅಂದರೆ ಇಂಥ ಟ್ಯಾಪ್ ಕಾರ್ಡ್ ಓದಬಲ್ಲ ಫೋನಿಗೆ ಕಾಲೇಜಿನ ಕಾರ್ಡ್ ಹಿಡಿದು ನೋಡಿದೆ. ಚಿಪ್ಪಿನ ಹೆಸರು ಮೈಫೇರ್ ಕ್ಲಾಸಿಕ್ 1ಕೆ ಅಂತ ತೋರಿಸಿತು. ಈ ಚಿಪ್ಪಿನ ಬೀಗವನ್ನು, ಅಂದರೆ ಒಳಗಿನ ಮಾಹಿತಿ ಕಾಯುವ ಗುಪ್ತಸಂಕೇತವನ್ನು, ನೆದರ್ಲೆಂಡ್ಸಿನ ನೈಮೇಖನ್ ವಿಶ್ವವಿದ್ಯಾಲಯದವರು 2008ರಲ್ಲೇ ಒಡೆದು ತೋರಿಸಿದ್ದರು. ಆಗ ನಾನು ಅಂಗನವಾಡಿಗೆ ಹೋಗುತ್ತಿದ್ದೆ. ಹೊಸದಾಗಿ ಕಾರ್ಡ್ ಮಾಡಿಸುವಾಗಲಾದರೂ ಅದಕ್ಕಿಂತ ಗಟ್ಟಿ ಚಿಪ್ ಹಾಕಬಹುದಿತ್ತು.

ನನ್ನ ನಿಜವಾದ ತಕರಾರು ಬೇರೆ. ಟಾಪ್ ಅಪ್ ಕನಿಷ್ಠ 200. ತಿಂಗಳ ಕೊನೆಯಲ್ಲಿ ನಲವತ್ತು ರೂಪಾಯಿ ಊಟಕ್ಕೆ 200 ಎಲ್ಲಿಂದ ತರುವುದು? ಹಾಕಿದ ದುಡ್ಡು ಹೊರಗೆ ಬರುವುದಿಲ್ಲ. ಗೇಟಿನಾಚೆ ಟೀ ಗಾಡಿಯಲ್ಲಿ ನಡೆಯುವುದಿಲ್ಲ. ವಾಪಸ್ ಬೇಕೆಂದರೆ ಕೋರ್ಸ್ ಮುಗಿದ ಮೇಲೆ ಒಂದು ಫಾರಂ, ನಾಲ್ಕು ಸಹಿ. ಹೆಸರಿಗೆ ನಮ್ಮ ದುಡ್ಡು, ಕೀಲಿ ಅವರ ಹತ್ತಿರ. ಟ್ಯಾಪಿಂಗಿಗೆ ನಾಲ್ಕೂವರೆ ಸ್ಟಾರ್ ಕೊಡುತ್ತೇನೆ, ಈ ನಿಯಮಕ್ಕೆ ಒಂದು. ಮಿಷನ್ ಪಕ್ಕದಲ್ಲೇ ನಗದಿಗೊಂದು ಡಬ್ಬಿ ಇಟ್ಟಿದ್ದರೆ ಯಾರಿಗೆ ಏನು ನಷ್ಟ ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಸೀನಿಯರ್‌ಗಳು ಯಾರೂ ಆ ಫಾರಂ ತುಂಬುವುದಿಲ್ಲ. ಕೊನೆಯ ವಾರ ಕಾರ್ಡ್ ಖಾಲಿ ಮಾಡುತ್ತಾರೆ, ಸಿಕ್ಕಿದವರಿಗೆಲ್ಲ ಮೈಸೂರ್ ಪಾಕ್. ಹೋದ ಮೇ ತಿಂಗಳು ನಮ್ಮ ಹಾಸ್ಟೆಲಿನ ಅಕ್ಕ ಹಾಗೆಯೇ ನಮಗೆಲ್ಲ ಕೊಡಿಸಿದರು. ಕೊನೆಗೆ 6 ರೂಪಾಯಿ ಉಳಿಯಿತು. ಟೀ 12. ಉಳಿದ ಆರನ್ನು ನನ್ನ ಕಾರ್ಡಿನಿಂದ ತೆಗೆದುಕೊಳ್ಳಿ ಅಂದೆ. ಒಂದು ಬಿಲ್ಲಿಗೆ ಎರಡು ಕಾರ್ಡ್ ಆಗುವುದಿಲ್ಲ ಅಂದರು ಅಣ್ಣ. ಆ ಆರು ರೂಪಾಯಿ ಈಗಲೂ ಅಲ್ಲೇ ಇದೆ, ಅಕ್ಕ ಪುಣೆಯಲ್ಲಿದ್ದಾರೆ.