ಟಿನ್ ಬೇಕಾ, ಎಸ್‌ಎಲ್‌ಆರ್‌ಎನ್ ಬೇಕಾ?

ಇಂಟರ್ನೆಟ್‌ನ ಹಳೆಯ ಚರ್ಚಾ ವೇದಿಕೆಯಾದ ಯೂಸ್‌ನೆಟ್‌ನ ಗುಂಪುಗಳನ್ನು ಟರ್ಮಿನಲ್‌ನಲ್ಲೇ (ಬರೀ ಅಕ್ಷರಗಳಿರುವ, ಆಜ್ಞೆ ಟೈಪ್ ಮಾಡುವ ಕಿಟಕಿಯಲ್ಲೇ) ಓದಬೇಕು ಅಂದ್ರೆ ಮೊದಲು ಎದುರಾಗುವ ಪ್ರೋಗ್ರಾಂಗಳು ಇವೇ. ಎರಡೂ ಉಚಿತ, ಎರಡೂ ಹಗುರ. ಮೌಸ್ ಮುಟ್ಟುವುದೇ ಬೇಡ.

1991ರಲ್ಲಿ ಬಂದ ಟಿನ್ ಹೊಸಬರಿಗೆ ಸುಲಭ. ಗುಂಪುಗಳ ಪಟ್ಟಿ, ಒಳಗೆ ಹೋದರೆ ಚರ್ಚೆಗಳ ಪಟ್ಟಿ, ಆಮೇಲೆ ಸಂದೇಶ. ಯಾವ ಕೀ ಏನು ಮಾಡುತ್ತದೆ ಅಂತ ಪರದೆಯ ಕೆಳಗೇ ಇರುತ್ತದೆ.

ಎಸ್‌ಎಲ್‌ಆರ್‌ಎನ್ ಕಲಿಯಲು ಸ್ವಲ್ಪ ಜಾಸ್ತಿ ತಾಳ್ಮೆ ಬೇಕು, ಸೆಟ್ಟಿಂಗ್ ಫೈಲನ್ನು ನಾವೇ ತಿದ್ದಬೇಕು. ಆದರೆ ಅದರ ಸ್ಕೋರ್ ಫೈಲ್ ಇದೆಯಲ್ಲ, ಅದಕ್ಕೇ ನಾನು ಮನಸೋತಿದ್ದು. ಯಾರು ಬರೆದದ್ದು, ಯಾವ ವಿಷಯ ಅಂತ ನೋಡಿ ಅಂಕ ಕೊಡುವ ನಿಯಮ ಬರೆದಿಟ್ಟರೆ ಸಾಕು. ಬೇಕಾದ ಸಂದೇಶ ಮೇಲೆ ಬರುತ್ತದೆ, ಸ್ಪ್ಯಾಮ್ ಕಣ್ಣಿಗೇ ಬೀಳುವುದಿಲ್ಲ. ಟಿನ್‌ನಲ್ಲೂ ಫಿಲ್ಟರ್ ಇದೆ, ಆದರೆ ಇಷ್ಟು ಹಿಡಿತ ನನಗೆ ಸಿಕ್ಕಿಲ್ಲ.

ನೆಟ್ ಆಗಾಗ ಹೋಗುತ್ತಾ? ಎಸ್‌ಎಲ್‌ಆರ್‌ಎನ್ ಜೊತೆಗಿರುವ ಎಸ್‌ಎಲ್‌ಆರ್‌ಎನ್‌ಪುಲ್ ಎಂಬ ಪ್ರೋಗ್ರಾಂ ಸಂದೇಶಗಳನ್ನು ಮೊದಲೇ ಇಳಿಸಿಡುತ್ತದೆ, ಆಮೇಲೆ ಆರಾಮಾಗಿ ಓದಬಹುದು.