ಘಟ್ಟದ ಮಳೆಗೆ ಹಗುರ ಪೊಂಚೊ: ಹಲವು ಮಳೆಗಾಲಗಳ ಬಳಕೆಯ ನಂತರ

ಜೂನ್ ಬಂತೆಂದರೆ ಬೆಂಗಳೂರಿನ ಚಾರಣಿಗರ ನಡುವೆ ಪ್ರತಿ ವರ್ಷ ಒಂದು ಚರ್ಚೆ ಏಳುತ್ತದೆ: ಘಟ್ಟದ ಮಳೆಗೆ ರೇನ್‌ಕೋಟ್ ಒಳ್ಳೆಯದೋ, ತಲೆಯ ಮೇಲಿಂದ ಹಾಕಿಕೊಂಡು ಬೆನ್ನುಚೀಲವನ್ನೂ ಸೇರಿಸಿ ಹೊದೆಯುವ ಸಡಿಲ ಮಳೆಹೊದಿಕೆಯಾದ ಪೊಂಚೊ ಒಳ್ಳೆಯದೋ ಎಂದು. ಕುದುರೆಮುಖ, ತಡಿಯಂಡಮೋಳ್, ಮುಳ್ಳಯ್ಯನಗಿರಿ ಕಡೆಯ ಮಳೆಯಲ್ಲೂ, ಊರಿನ ಹತ್ತಿರದ ಸಾವನದುರ್ಗ, ನಂದಿ ಬೆಟ್ಟಗಳ ಸಣ್ಣ ನಡಿಗೆಗಳಲ್ಲೂ ಹಲವು ಮಳೆಗಾಲಗಳಿಂದ ಒಂದೇ ಪೊಂಚೊವನ್ನು ಬಳಸಿಕೊಂಡು ಬಂದಿದ್ದೇನೆ. ಅದು ರಿಪ್‌ಸ್ಟಾಪ್ ನೈಲಾನ್ ಬಟ್ಟೆಯದು. ಒಳಗಡೆ ನೀರು ತಡೆಯುವ ಪಾಲಿಯುರೆಥೇನ್ ಲೇಪನವಿದೆ, ಹೊಲಿಗೆಗಳು ಸೋರದಂತೆ ಅವುಗಳ ಮೇಲೆ ಟೇಪ್ ಇದೆ, ಎರಡೂ ಪಕ್ಕಗಳಲ್ಲಿ ಟಿಚ್ ಬಟನ್‌ಗಳಿವೆ. ತೂಕ ಸುಮಾರು 300 ಗ್ರಾಂ. ಮಡಿಸಿ ಅದರ ಚೀಲಕ್ಕೆ ತುಂಬಿದರೆ ಒಂದು ಲೀಟರ್ ನೀರಿನ ಬಾಟಲಿಗಿಂತ ಕಡಿಮೆ ಜಾಗ ಸಾಕು. ಬ್ರಾಂಡಿನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಒಂದೇ ಹೆಸರಿನ ಮಾಲಿನಲ್ಲಿ ಬಟ್ಟೆ, ಲೇಪನಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದುಂಟು. ಆದ್ದರಿಂದ ಯಾವುದನ್ನು ಕೊಳ್ಳಬೇಕು ಎನ್ನುವುದಕ್ಕಿಂತ ಏನನ್ನು ನೋಡಿ ಕೊಳ್ಳಬೇಕು ಎನ್ನುವುದೇ ಓದುವವರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಘಟ್ಟಗಳ ಮಳೆಗಾಲದ ಚಾರಣಕ್ಕೆ ಪೊಂಚೊವೇ ಸರಿ. ಆದರೆ ಪೊಂಚೊದ ಗುಣವನ್ನು ನಿರ್ಧರಿಸುವುದು ಅದರ ಮೇಲೆ ಅಚ್ಚಾದ ವಾಟರ್‌ಪ್ರೂಫ್ ಅಂಕಿಯಲ್ಲ. ಅದರ ಪಕ್ಕಗಳು ಹೇಗೆ ಮುಚ್ಚಿಕೊಳ್ಳುತ್ತವೆ, ಟೋಪಿ ಹೇಗೆ ಕೂರುತ್ತದೆ, ಹೊಲಿಗೆ ಹೇಗಿದೆ ಎನ್ನುವ ಮೂರು ವಿಷಯಗಳೇ ಅದನ್ನು ನಿರ್ಧರಿಸುತ್ತವೆ.

ಪೊಂಚೊವೇ ಏಕೆ ಎನ್ನುವುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ದುಬಾರಿ ರೇನ್ ಜಾಕೆಟ್‌ಗಳ ಬಟ್ಟೆಯೊಳಗೆ ಒಂದು ತೆಳು ಪೊರೆ ಇರುತ್ತದೆ. ಅದು ಹೊರಗಿನ ನೀರನ್ನು ತಡೆದು ಒಳಗಿನ ಬೆವರಿನ ಆವಿಯನ್ನು ಹೊರಕ್ಕೆ ಬಿಡುತ್ತದೆ ಎಂದು ಮಾರಾಟಗಾರರು ಹೇಳುತ್ತಾರೆ. ಆ ಮಾತು ಸುಳ್ಳಲ್ಲ. ಆದರೆ ಆವಿ ಹೊರಗೆ ಹೋಗಬೇಕಾದರೆ ಒಳಗಿನ ಗಾಳಿಗಿಂತ ಹೊರಗಿನ ಗಾಳಿ ಸಾಕಷ್ಟು ಒಣಗಿರಬೇಕು ಅಥವಾ ತಣ್ಣಗಿರಬೇಕು. ಜುಲೈ ತಿಂಗಳ ಕುದುರೆಮುಖದಲ್ಲಿ ಗಾಳಿಯೇ ನೀರಿನಿಂದ ತುಂಬಿರುತ್ತದೆ, ಚಳಿಯೂ ಹಿಮಾಲಯದ ಚಳಿಯಷ್ಟಿರುವುದಿಲ್ಲ. ಅಂಥಲ್ಲಿ ಏರು ಹತ್ತುವಾಗ ಮೈಯಿಂದ ಹೊರಡುವ ಬೆವರು ಜಾಕೆಟ್ಟಿನ ಒಳಗೇ ಹನಿಗಟ್ಟಿ, ಮಳೆ ಒಳಗೆ ಬಾರದೆಯೂ ಅಂಗಿ ತೊಯ್ದು ಹೋಗುತ್ತದೆ. ಪೊಂಚೊ ಈ ಕೆಲಸವನ್ನು ಪೊರೆಯ ಮೂಲಕ ಮಾಡುವುದಿಲ್ಲ. ಕೆಳಗೂ ಪಕ್ಕದಲ್ಲೂ ತೆರೆದಿರುವುದರಿಂದ ಪ್ರತಿ ಹೆಜ್ಜೆಗೂ ಒಳಗಿನ ಗಾಳಿ ಬದಲಾಗುತ್ತಿರುತ್ತದೆ. ಮಲೆನಾಡಿನಲ್ಲಿ ನಾಟಿ ಮಾಡುವವರು ಬೆನ್ನ ಮೇಲೆ ಹೊದೆಯುತ್ತಿದ್ದ ಗೊರಬು ಕೂಡ ಇದೇ ತತ್ವದ್ದು: ತಲೆಯಿಂದ ಬೆನ್ನಿನ ಕೆಳಗಿನವರೆಗೂ ನೀರನ್ನು ಜಾರಿಸುತ್ತಿತ್ತು, ಮೈಗೆ ಅಂಟುತ್ತಿರಲಿಲ್ಲ, ಮುಂಭಾಗವನ್ನು ಗಾಳಿಗೆ ಬಿಟ್ಟುಕೊಡುತ್ತಿತ್ತು. ಇಡೀ ದಿನ ಮಳೆಯಲ್ಲಿ ದುಡಿಯುವವರು ಆರಿಸಿಕೊಂಡಿದ್ದ ಹೊದಿಕೆಗೆ ಬೆಲೆ ಕೊಡಬೇಕೆಂದು ನನಗೆ ಅನ್ನಿಸುತ್ತದೆ.

ಬೆವರು ಪೂರ್ತಿ ನಿಲ್ಲುತ್ತದೆ ಎಂದು ಯಾರೂ ತಿಳಿಯಬಾರದು. ಬೆನ್ನುಚೀಲ ಒತ್ತುವ ಜಾಗ ಹೇಗಿದ್ದರೂ ಒದ್ದೆಯಾಗುತ್ತದೆ, ಮುಂಗೈಗೆ ಬಟ್ಟೆ ತಾಗಿದಲ್ಲಿ ತಣ್ಣನೆಯ ಪಸೆ ಅಂಟುತ್ತದೆ. ಆದರೆ ಮಳೆ ನಿಂತ ಹತ್ತು ಹದಿನೈದು ನಿಮಿಷದಲ್ಲಿ ಪೊಂಚೊದ ಮುಂಭಾಗವನ್ನು ಹೆಗಲ ಮೇಲಿಂದ ಹಿಂದಕ್ಕೆ ಎಸೆದು ನಡೆದರೆ ಅಂಗಿ ಬಹುಮಟ್ಟಿಗೆ ಆರುತ್ತದೆ. ಬೆನ್ನುಚೀಲ ಇಳಿಸದೆ ಇಷ್ಟು ಅನುಕೂಲ ಪಡೆಯುವುದು ಜಾಕೆಟ್‌ನಲ್ಲಿ ಕಷ್ಟ.

ಇನ್ನು ಅಂಕಿಗಳ ವಿಷಯ. ಅಂಗಡಿಯಲ್ಲಿ 1500, 3000, 5000 ಮಿ.ಮೀ. ಎಂದು ಬರೆದಿರುವುದು, ಬಟ್ಟೆಯ ಮೇಲೆ ಎಷ್ಟು ಎತ್ತರದ ನೀರಿನ ಕಂಬ ನಿಂತಾಗ ಅದು ಜಿನುಗಲು ಆರಂಭಿಸುತ್ತದೆ ಎನ್ನುವುದರ ಅಳತೆ. ಬೀಳುವ ಮಳೆಯ ಒತ್ತಡ ಅಷ್ಟು ದೊಡ್ಡದಲ್ಲ. ಒದ್ದೆ ನೆಲದ ಮೇಲೆ ಕುಳಿತಾಗ, ಮಂಡಿಯೂರಿದಾಗ, ಚೀಲದ ಪಟ್ಟಿ ಹೆಗಲ ಮೇಲೆ ಒತ್ತಿದಾಗ ಬೀಳುವ ಒತ್ತಡವೇ ದೊಡ್ಡದು. ಜಾಕೆಟ್ಟಿನ ಮೇಲೆ ಚೀಲದ ಪಟ್ಟಿಗಳು ಬರುವುದರಿಂದ ಅದು ಮೊದಲು ಸೋರುವುದು ಹೆಗಲಿನಲ್ಲೇ. ಪೊಂಚೊವಾದರೆ ಚೀಲದ ಮೇಲೆ ಬರುತ್ತದೆ. ಪಟ್ಟಿ ಅದನ್ನು ಒತ್ತುವುದೂ ಇಲ್ಲ, ಉಜ್ಜುವುದೂ ಇಲ್ಲ. ಹೀಗಾಗಿ ಒಳ್ಳೆಯ ಹೊಲಿಗೆಯಿರುವ 2000 ಮಿ.ಮೀ. ಪೊಂಚೊ ನಮ್ಮ ಮಳೆಗೆ ಧಾರಾಳವಾಯಿತು. ಬರೀ ಈ ಅಂಕಿಗಾಗಿ ಹೆಚ್ಚು ಹಣ ಕೊಡುವ ಅಗತ್ಯ ನನಗೆ ಕಂಡಿಲ್ಲ. ನೂಲಿನ ದಪ್ಪವನ್ನು ಹೇಳುವ ಡೆನಿಯರ್ ಅಂಕಿಯನ್ನು ಮಾತ್ರ ನೋಡಲೇಬೇಕು. 9000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೆ ಎನ್ನುವುದೇ ಡೆನಿಯರ್. 15 ಅಥವಾ 20 ಡೆನಿಯರ್ ಬಟ್ಟೆ ಬಹಳ ಹಗುರ, ಆದರೆ ಲಂಟಾನ ಪೊದೆಗಳ ನಡುವೆ ನುಗ್ಗುವ ನಮ್ಮ ದಾರಿಗಳಿಗೆ ಅದು ನಾಜೂಕು. 70ಕ್ಕೆ ಹೋದರೆ ಬಾಳಿಕೆ ಚೆನ್ನಾಗಿರುತ್ತದೆ, ತೂಕವೂ ಏರುತ್ತದೆ. 30ರಿಂದ 40ರ ನಡುವಿನ ರಿಪ್‌ಸ್ಟಾಪ್ ಬಟ್ಟೆ ನನಗೆ ಹಿತವಾಗಿದೆ. ರಿಪ್‌ಸ್ಟಾಪ್‌ನಲ್ಲಿ ನಡುನಡುವೆ ದಪ್ಪ ನೂಲು ಹೆಣೆದು ಸಣ್ಣ ಚೌಕುಳಿ ಮಾಡಿರುತ್ತಾರೆ. ಮುಳ್ಳು ಚುಚ್ಚಿ ಹರಿದರೂ ಹರುಕು ಆ ಗೆರೆಯ ಬಳಿ ನಿಲ್ಲುತ್ತದೆ. ನನ್ನ ಪೊಂಚೊದ ಎಡ ಅಂಚಿನ ಹತ್ತಿರ ಅಂಥ ಒಂದು ಹರುಕು ಮೊದಲ ಮಳೆಗಾಲದಲ್ಲೇ ಆಯಿತು. ಎರಡು ಚೌಕದಷ್ಟು ಉದ್ದವಿದ್ದ ಅದು, ಒಳಗಿನಿಂದ ರಿಪೇರಿ ಟೇಪ್ ಅಂಟಿಸಿದ ಮೇಲೆ ಇಂದಿಗೂ ಬೆಳೆದಿಲ್ಲ.

ಲೇಪನದಲ್ಲಿ ಮುಖ್ಯವಾಗಿ ಎರಡು ಬಗೆ. ಪಾಲಿಯುರೆಥೇನ್ ಲೇಪನದ ಬೆಲೆ ಕಡಿಮೆ, ಅದರ ಹೊಲಿಗೆಗೆ ಕಾರ್ಖಾನೆಯಲ್ಲೇ ಟೇಪ್ ಅಂಟಿಸಬಹುದು. ಸಿಲಿಕೋನ್ ಲೇಪನದ ನೈಲಾನ್ ಇನ್ನೂ ಹಗುರ, ಹರಿಯುವುದಕ್ಕೆ ಹೆಚ್ಚು ಗಟ್ಟಿ, ಏಕೆಂದರೆ ಸಿಲಿಕೋನ್ ನೂಲುಗಳನ್ನು ಜಾರಲು ಬಿಡುವುದರಿಂದ ಎಳೆತ ಒಂದೇ ಎಳೆಯ ಮೇಲೆ ಬೀಳುವುದಿಲ್ಲ. ಆದರೆ ಸಿಲಿಕೋನ್ ಮೇಲೆ ಮಾಮೂಲಿ ಟೇಪ್ ಹಿಡಿಯುವುದಿಲ್ಲ. ಎರಡೂ ಬದಿಗೆ ಸಿಲಿಕೋನ್ ಇರುವ ಪೊಂಚೊ ಕೊಂಡವರು ಹೊಲಿಗೆಗಳಿಗೆ ಸಿಲಿಕೋನ್ ಸೀಲರ್ ಅನ್ನು ತಾವೇ ಸವರಬೇಕಾಗಿ ಬರಬಹುದು. ಅದನ್ನು ಕೊಳ್ಳುವ ಮೊದಲೇ ಕೇಳಿ ತಿಳಿದುಕೊಳ್ಳಬೇಕು. ಬಟ್ಟೆ ಎಷ್ಟೇ ಚೆನ್ನಾಗಿದ್ದರೂ ಸೂಜಿ ಹೋದ ಪ್ರತಿ ತೂತೂ ನೀರಿಗೆ ದಾರಿ. ಪೊಂಚೊವನ್ನು ಒಳಮಗ್ಗುಲು ಮಾಡಿ, ಟೋಪಿ ಕುತ್ತಿಗೆಗೆ ಸೇರುವ ಹೊಲಿಗೆಯ ಮೇಲೆ ಹೆಬ್ಬೆರಳು ಒತ್ತಿ ಎಳೆದು ನೋಡಿ: ಟೇಪ್ ಬಟ್ಟೆಯೊಂದಿಗೆ ಒಂದಾಗಿ ಸರಿದರೆ ಒಳ್ಳೆಯದು; ಅಂಚು ಏಳುತ್ತಿದ್ದರೆ, ತಿರುವಿನಲ್ಲಿ ಸುಕ್ಕುಗಟ್ಟಿದ್ದರೆ ಅದನ್ನು ವಾಪಸ್ ಇಡಿ. ಸೋರಿಕೆ ಹೆಚ್ಚಾಗಿ ಶುರುವಾಗುವುದು ಆ ಕುತ್ತಿಗೆಯ ತಿರುವಿನಲ್ಲೇ.

ಟೋಪಿಯ ಬಗ್ಗೆ ಖರೀದಿಸುವಾಗ ಯಾರೂ ಯೋಚಿಸುವುದಿಲ್ಲ, ನಡೆಯುವಾಗ ಎಲ್ಲರೂ ಅದನ್ನೇ ಬೈಯುತ್ತಾರೆ. ತಲೆ ತಿರುಗಿಸಿದಾಗ ಟೋಪಿಯೂ ಜೊತೆಗೆ ತಿರುಗಬೇಕು. ಇಲ್ಲವಾದರೆ ಪಕ್ಕಕ್ಕೆ ನೋಡಿದಾಗ ಕಣ್ಣಿಗೆ ಕಾಣುವುದು ಟೋಪಿಯ ಒಳಗೋಡೆ ಮಾತ್ರ. ಮುಂಭಾಗದಲ್ಲಿ ಸ್ವಲ್ಪ ಗಟ್ಟಿಯಾದ ಅಂಚು ಇರಬೇಕು. ಅದು ಇಲ್ಲದ ಟೋಪಿಯಲ್ಲಿ ನೀರು ಹಣೆಯ ಮೇಲಿಂದ ಹರಿದು ಮೂಗಿನ ತುದಿಗೆ ಬರುತ್ತದೆ, ಕನ್ನಡಕ ಹಾಕುವವರಿಗಂತೂ ದಾರಿಯೇ ಕಾಣುವುದಿಲ್ಲ. ನನ್ನದರಲ್ಲಿ ಅಂಚು ಮೆತ್ತಗಿದೆ, ಆದ್ದರಿಂದ ಒಳಗೆ ಮುಂದಕ್ಕೆ ಚಾಚಿದ ಕ್ಯಾಪ್ ಹಾಕಿಕೊಂಡು ಅದರ ಮೇಲೆ ಟೋಪಿ ಎಳೆದು ಲಾಡಿ ಬಿಗಿಯುತ್ತೇನೆ. ಇದು ಅದರ ನಿಜವಾದ ಕೊರತೆ, ಆದರೆ ಸರಿದೂಗಿಸಿಕೊಳ್ಳಬಹುದಾದ ಕೊರತೆ.

ಗಾಳಿಯ ಮಾತು ಬೇರೆ. ಚಾರಣ ಶುರುವಾಗುವ ಮುಳ್ಳೋಡಿಯಿಂದ ಕುದುರೆಮುಖಕ್ಕೆ ಹೊರಟರೆ ತೊರೆಗಳು, ಕಣಿವೆಯ ದಟ್ಟ ಶೋಲ ಕಾಡು ಇರುವಷ್ಟು ದಾರಿಯಲ್ಲಿ ಎಂಥ ಪೊಂಚೊವಾದರೂ ನಡೆಯುತ್ತದೆ. 1894 ಮೀಟರ್ ಎತ್ತರದ ಶಿಖರದ ಕಡೆಗೆ ಬಯಲು ಹುಲ್ಲುಗಾವಲಿನ ಏಣು ಸಿಕ್ಕಿದ ಮೇಲೆ ಮಳೆ ಮೇಲಿನಿಂದ ಬೀಳುವುದಿಲ್ಲ, ಅಡ್ಡ ಬರುತ್ತದೆ. ಒಮ್ಮೊಮ್ಮೆ ಕಣಿವೆಯಿಂದ ಮೇಲಕ್ಕೇ ಹೊಡೆಯುತ್ತದೆ. ಪಕ್ಕಗಳಲ್ಲಿ ಒಂದೇ ಒಂದು ಬಟನ್ ಇರುವ ಪೊಂಚೊ ಅಲ್ಲಿ ತಲೆಯ ಮೇಲೆ ಹಾರಿ, ಕಣ್ಣು ಮುಚ್ಚಿ, ಇಳಿಜಾರಿನಲ್ಲಿ ಅಪಾಯ ತರುತ್ತದೆ. ಪ್ರತಿ ಪಕ್ಕಕ್ಕೂ ಕನಿಷ್ಠ ಮೂರು ಟಿಚ್ ಬಟನ್ ಬೇಕು, ಸೊಂಟಕ್ಕೆ ಲಾಡಿ ಅಥವಾ ಎಲಾಸ್ಟಿಕ್ ಬೇಕು. ಲಾಡಿ ಇಲ್ಲದಿದ್ದರೆ ಒಂದು ತೆಳು ಹಗ್ಗವನ್ನು ಪೊಂಚೊದ ಮೇಲಿಂದ ಸೊಂಟಕ್ಕೆ ಕಟ್ಟಿಕೊಂಡರೂ ಸಾಕು. ನಾನು ಮಾಡುವುದೂ ಅದನ್ನೇ, ಮತ್ತು ಅದರಿಂದಾದ ವ್ಯತ್ಯಾಸ ಇನ್ನಾವ ಬದಲಾವಣೆಯಿಂದಲೂ ಆಗಲಿಲ್ಲ. ಗಾಳಿಯ ಏಣಿನಲ್ಲಿ ಜಾಕೆಟ್ ಮೇಲು ಎನ್ನುವುದನ್ನು ಒಪ್ಪುತ್ತೇನೆ. ಆದರೆ ಇಡೀ ದಿನದ ನಡಿಗೆಯಲ್ಲಿ ಅಂಥ ಏಣು ಒಂದೆರಡು ಗಂಟೆಯದು, ಉಳಿದ ಏರು ಪೂರ್ತಿ ಬೆವರಿನದು.

ಬೆನ್ನುಚೀಲಕ್ಕಾಗಿ ಹಿಂಭಾಗ ಉದ್ದವಿರುವ ಮಾದರಿಯನ್ನೇ ಆರಿಸಬೇಕು. ಮುಂದೆ ಹಿಂದೆ ಒಂದೇ ಅಳತೆಯ ಪೊಂಚೊವನ್ನು 40 ಲೀಟರ್ ಚೀಲದ ಮೇಲೆ ಹೊದ್ದರೆ ಹಿಂಭಾಗ ಮೇಲೆದ್ದು ತೊಡೆಯ ಹಿಂಬದಿ ತೊಯ್ಯುತ್ತದೆ. ಅಂಗಡಿಗೆ ಹೋಗುವಾಗ ನಿಮ್ಮದೇ ಚೀಲವನ್ನು ತುಂಬಿಕೊಂಡು ಹೋಗಿ, ಅದರ ಮೇಲೆ ಹೊದ್ದು, ಮೆಟ್ಟಿಲು ಹತ್ತುವಂತೆ ಮಂಡಿ ಎತ್ತಿ ನೋಡಿ. ಮುಂಭಾಗ ಮಂಡಿಯಿಂದ ನಾಲ್ಕು ಬೆರಳು ಕೆಳಗಿದ್ದರೆ ಸರಿ. ಅದಕ್ಕಿಂತ ಉದ್ದವಾದರೆ ಇಳಿಯುವಾಗ ಪಾದ ಇಡುವ ಜಾಗ ಕಾಣುವುದಿಲ್ಲ, ಒದ್ದೆ ಬಂಡೆಯ ಮೇಲೆ ಇದು ಸಣ್ಣ ವಿಷಯವಲ್ಲ. ಉದ್ದದ ಅಂಚು ಹುಲ್ಲಿಗೆ ತಾಗುತ್ತಾ ಹೋದರೆ ಇಂಬಳಗಳೂ ಅದನ್ನು ಹಿಡಿದು ಹತ್ತುತ್ತವೆ. ವಿರಾಮಕ್ಕೆ ಕುಳಿತಾಗಲೆಲ್ಲ ಅಂಚನ್ನು ಒಳಮಗ್ಗುಲು ಮಾಡಿ ನೋಡುವ ಅಭ್ಯಾಸ ಒಳ್ಳೆಯದು.

ಮೂಲೆಗಳಲ್ಲಿ ಹಗ್ಗ ಪೋಣಿಸುವ ಐಲೆಟ್ ತೂತುಗಳು ಇರುವುದರಿಂದ ಎರಡು ಮರಗಳ ನಡುವೆ ಕಟ್ಟಿ ಊಟಕ್ಕೆ ನೆರಳು ಮಾಡಿಕೊಳ್ಳಬಹುದು, ಮಾಡಿಕೊಂಡಿದ್ದೇವೆ. ಇದಕ್ಕಾಗಿಯೇ ಯಾರೂ ಪೊಂಚೊ ಕೊಳ್ಳಬೇಕಿಲ್ಲ.

ಬೆಂಗಳೂರಿನೊಳಗಿನ ಬಳಕೆಯ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಸಂಜೆ ಆಫೀಸು ಬಿಡುವ ಹೊತ್ತಿಗೆ ಸುರಿಯುವ ಸೆಪ್ಟೆಂಬರ್, ಅಕ್ಟೋಬರ್ ಮಳೆಯಲ್ಲಿ ಬಸ್ಸಿಗೂ ಮೆಟ್ರೊಗೂ ನಡೆಯಲು ಇದು ಬಹಳ ಅನುಕೂಲ, ಲ್ಯಾಪ್‌ಟಾಪ್ ಚೀಲವೂ ಒಳಗೇ ಉಳಿಯುತ್ತದೆ. ಆದರೆ ಇದನ್ನು ಹೊದ್ದು ದ್ವಿಚಕ್ರ ವಾಹನ ಓಡಿಸಬೇಡಿ. ಸಡಿಲವಾದ ಅಂಚು ಹಿಂಚಕ್ರಕ್ಕೋ ಚೈನಿಗೋ ಸಿಕ್ಕಿದರೆ ಪ್ರಾಣಾಪಾಯ. ಗಾಳಿ ತುಂಬಿ ಮುಖದ ಮೇಲೆ ಬಂದರೂ ಅಷ್ಟೇ. ಸ್ಕೂಟರಿಗೆ ಮೇಲಂಗಿ ಮತ್ತು ಪ್ಯಾಂಟ್ ಬೇರೆಬೇರೆ ಇರುವ ರೇನ್‌ಕೋಟೇ ಆಗಬೇಕು.

ಬಾಳಿಕೆ ಎನ್ನುವುದು ಹೆಚ್ಚಾಗಿ ಒಣಗಿಸುವುದರ ಮೇಲೆ ನಿಂತಿದೆ. ಪಾಲಿಯುರೆಥೇನ್ ಲೇಪನಕ್ಕೆ ತೇವ ಮತ್ತು ಸೆಕೆ ಎರಡೂ ಶತ್ರುಗಳು. ಒದ್ದೆಯಾಗಿಯೇ ಮಡಿಸಿಟ್ಟರೆ ಲೇಪನ ಒಳಗೊಳಗೇ ಕೊಳೆತು ಅಂಟಂಟಾಗಿ, ಹುಳಿ ವಾಸನೆ ಬಂದು, ಕೊನೆಗೆ ಹೊಟ್ಟಿನಂತೆ ಉದುರುತ್ತದೆ. ಆ ಸ್ಥಿತಿಗೆ ಬಂದ ಮೇಲೆ ಅದನ್ನು ಉಳಿಸುವ ಉಪಾಯವಿಲ್ಲ. ಸ್ನೇಹಿತರೊಬ್ಬರ ಪೊಂಚೊ, ನನ್ನದರೊಂದಿಗೇ ಕೊಂಡದ್ದು, ಕಾರಿನ ಡಿಕ್ಕಿಯಲ್ಲಿ ಉಳಿದು ಹೀಗೆಯೇ ಹೋಯಿತು. ರಾತ್ರಿ ಬಸ್ಸಿನಲ್ಲಿ ಬೆಳಗಿನ ಜಾವ ಮೆಜೆಸ್ಟಿಕ್‌ಗೆ ಬಂದಿಳಿದು, ಮನೆ ಸೇರಿದ ಕೂಡಲೇ ನಾನು ಮಾಡುವ ಮೊದಲ ಕೆಲಸ ಪೊಂಚೊದ ಕೆಸರನ್ನು ಬರೀ ತಣ್ಣೀರಿನಲ್ಲಿ ತೊಳೆದು ಯುಟಿಲಿಟಿಯ ತಂತಿಯ ಮೇಲೆ ಹರವುವುದು. ಮೊದಲು ಒಳಭಾಗ ಹೊರಗೆ, ಅದು ಆರಿದ ಮೇಲೆ ಹೊರಭಾಗ. ಬಿಸಿಲು ನೈಲಾನನ್ನು ನಿಧಾನವಾಗಿ ದುರ್ಬಲಗೊಳಿಸುವುದರಿಂದ ನೆರಳೇ ಒಳ್ಳೆಯದು; ಜುಲೈ, ಆಗಸ್ಟ್‌ನ ಮೋಡದಲ್ಲಿ ಪೂರ್ತಿ ಒಂದು ದಿನ ಹಿಡಿದರೂ ಹಿಡಿಯಲಿ. ವಾಷಿಂಗ್ ಮಷೀನಿಗೆ ಹಾಕಲೇಬಾರದು, ಏಕೆಂದರೆ ನೀರು ಬಿಡದ ಬಟ್ಟೆಯಲ್ಲಿ ನೀರು ಸಿಕ್ಕಿಕೊಂಡು ಸ್ಪಿನ್ ಆಗುವಾಗ ಮಷೀನೇ ಜೋರಾಗಿ ಅದುರಿ ಹಾಳಾಗಬಹುದು. ಒಣಗಿದ ಮೇಲೆ ಪುಟ್ಟ ಚೀಲಕ್ಕೆ ತುರುಕದೆ, ಬೀರುವಿನಲ್ಲಿ ಸಡಿಲವಾಗಿ ತೂಗುಹಾಕಿ.

ಹೊರಮೈಯ ನೀರು ಜಾರಿಸುವ ಗುಣ ಮಾತ್ರ ಎರಡನೆಯ ಮಳೆಗಾಲದ ಹೊತ್ತಿಗೆ ಬಹಳ ಕಡಿಮೆಯಾಯಿತು. ಮೊದಲು ಮುತ್ತುಗಳಾಗಿ ಉರುಳುತ್ತಿದ್ದ ಹನಿ ಈಗ ಬಟ್ಟೆಗೆ ಹರಡಿಕೊಳ್ಳುತ್ತದೆ. ಇದನ್ನು ಸೋರಿಕೆಯೆಂದು ತಿಳಿದು ಹಲವರು ಪೊಂಚೊವನ್ನೇ ಎಸೆಯುತ್ತಾರೆ. ಒಳಗಿನ ಲೇಪನ ಸರಿಯಾಗಿದ್ದರೆ ನೀರು ಒಳಗೆ ಬರುವುದಿಲ್ಲ; ಬಟ್ಟೆ ಸ್ವಲ್ಪ ಭಾರವಾಗುತ್ತದೆ, ತಣ್ಣಗಾಗುತ್ತದೆ, ಅಷ್ಟೇ. ನೀರು ಜಾರಿಸುವ ಸ್ಪ್ರೇ ಹೊಡೆದರೆ ಮುಂದಿನ ಒಂದೆರಡು ಚಾರಣಗಳಿಗೆ ಆ ಗುಣ ಮರಳುತ್ತದೆ.

ಬೆಲೆಯ ಬಗ್ಗೆ: ಪ್ರವಾಸಿ ತಾಣಗಳ ಮುಂದೆ ಮಾರುವ ತೆಳು ಪ್ಲಾಸ್ಟಿಕ್ ಹೊದಿಕೆ ಮೊದಲ ಪೊದೆಗೇ ಹರಿದು, ಕಾಡಿನಲ್ಲಿ ಕಸವಾಗಿ ಉಳಿಯುತ್ತದೆ. ಅದನ್ನು ಯಾರೂ ಕೊಳ್ಳದಿದ್ದರೆ ಒಳ್ಳೆಯದು. ಪಿವಿಸಿ ಪೊಂಚೊ ಗಟ್ಟಿ, ಸೋರುವುದಿಲ್ಲ, ಆದರೆ ಭಾರ, ಮಡಿಕೆಗಳಲ್ಲಿ ಬಿರಿಯುತ್ತದೆ. ಟೇಪ್ ಹಾಕಿದ ನೈಲಾನ್ ಪೊಂಚೊಗೆ ಸಾವಿರದಿಂದ ಎರಡೂವರೆ ಸಾವಿರ ರೂಪಾಯಿ ಕೊಡುವುದು ನ್ಯಾಯವೆಂದು ನನ್ನ ಎಣಿಕೆ. ಕೊಂಡ ದಿನವೇ, ಬಿಲ್ಲು ಕೈಯಲ್ಲಿರುವಾಗಲೇ, ಅದನ್ನು ಹೊದ್ದು ಶವರ್ ಕೆಳಗೆ ಹತ್ತು ನಿಮಿಷ ನಿಲ್ಲಿ. ಒಳಗೆ ತಿಳಿ ಬಣ್ಣದ ಹತ್ತಿಯ ಅಂಗಿಯಿದ್ದರೆ ಯಾವ ಹೊಲಿಗೆ ಸೋರುತ್ತಿದೆ ಎಂದು ಕಲೆ ನೋಡಿಯೇ ಗೊತ್ತಾಗುತ್ತದೆ. ಬದಲಾಯಿಸಿಕೊಳ್ಳುವ ಅವಧಿ ಮುಗಿಯುವ ಮೊದಲು ಮಾಡಬೇಕಾದ ಪರೀಕ್ಷೆ ಅದೊಂದೇ.