ವಾಲ್ವ್ ಹಾಕಿಸಿದ ಮೇಲೂ ಮನೆಯೊಳಗೆ ಚರಂಡಿ ನೀರು: ನೆಲಮಹಡಿಯವರು ಎಚ್ಚರ ವಹಿಸಿ

ಕಾರವಾರದ ಕೋಡಿಬಾಗದ ವಸತಿ ಕಟ್ಟಡವೊಂದರ ನೆಲಮಹಡಿಯಲ್ಲಿ ನಾನಿರುವುದು. ಕಳೆದ ಜೂನ್ ತಿಂಗಳ ಒಂದು ರಾತ್ರಿ ನನ್ನ ಬಚ್ಚಲಿನ ಜಾಲಿಯಿಂದ ಇಡೀ ಕಟ್ಟಡದ ಹೊಲಸು ನೀರು ಉಕ್ಕಿ, ಅಡುಗೆಮನೆಯನ್ನು ಹಾದು ದೇವರ ಕೋಣೆಯ ಹೊಸ್ತಿಲನ್ನೂ ದಾಟಿತು. ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಹೀಗಾಗಬಾರದೆಂದೇ ಮೇ ತಿಂಗಳಲ್ಲಿ ನಾವೆಲ್ಲ ಸೇರಿ 38,000 ರೂಪಾಯಿ ಕೊಟ್ಟಿದ್ದೆವು ಎಂಬುದನ್ನು ನೆನೆದರೆ ನಾಚಿಕೆಗಿಂತ ಸಿಟ್ಟೇ ಹೆಚ್ಚಾಗುತ್ತದೆ.

ಗುತ್ತಿಗೆದಾರರು ಆಗ ಹೇಳಿದ ಮಾತು ಇದು: "ಅಕ್ಕೋರೇ, ನಾನ್ ರಿಟರ್ನ್ ವಾಲ್ವ್ ಹಾಕಿದ್ದೇನೆ. ಇನ್ನು ನಿಮ್ಮ ಮನೆಗೆ ಒಂದು ಹನಿಯೂ ಬರುವುದಿಲ್ಲ." ಹೊರಗೆ ಹೋದ ನೀರು ಪೈಪಿನಲ್ಲಿ ಹಿಂದಕ್ಕೆ ಬಾರದಂತೆ ತಾನಾಗಿಯೇ ಮುಚ್ಚಿಕೊಳ್ಳುವ ಕವಾಟವದು. ನಾನು ನಂಬಿದೆ.

ಆ ರಾತ್ರಿ ಅವರು ಫೋನ್ ಎತ್ತಲಿಲ್ಲ. ಮರುದಿನ ಬೆಳಿಗ್ಗೆ ಬಂದು, ಸೆಪ್ಟಿಕ್ ಟ್ಯಾಂಕಿನ ಪಕ್ಕದ ಚೇಂಬರಿನ ಮುಚ್ಚಳ ತೆಗೆದು, ಟಾರ್ಚ್ ಬಿಟ್ಟು ತೋರಿಸಿದರು. "ನೋಡಿ, ವಾಲ್ವ್ ಎಷ್ಟು ಗಟ್ಟಿಯಾಗಿ ಮುಚ್ಚಿಕೊಂಡಿದೆ! ನನ್ನ ಕೆಲಸದಲ್ಲಿ ತಪ್ಪಿಲ್ಲ" ಎಂದರು. ಕಪ್ಪು ರಬ್ಬರಿನ ತಟ್ಟೆ ನಿಜವಾಗಿಯೂ ಮುಚ್ಚಿತ್ತು. ನಾನು ತಲೆಯಾಡಿಸಿದೆ, ತಲೆಯಾಡಿಸಿದೆನಲ್ಲ ಎಂಬ ಸಂಕಟ ಇಂದಿಗೂ ಹೋಗಿಲ್ಲ. ಅಷ್ಟರಲ್ಲಿ ಮೇಲಿನ ಮನೆಯವರು ಯಾರೋ ಫ್ಲಶ್ ಮಾಡಿದರು, ನನ್ನ ಬಚ್ಚಲಿನಲ್ಲಿ ಮತ್ತೆ ಗುಳುಗುಳು ಎಂದು ನೀರೆದ್ದಿತು.

ಆಗ ಅರ್ಥವಾಯಿತು. ಮಳೆಗಾಲದಲ್ಲಿ ಕೋಡಿಬಾಗದ ಮರಳು ನೆಲದಲ್ಲಿ ಅಂತರ್ಜಲ ಮೇಲೆದ್ದು ಇಂಗುಗುಂಡಿ ನೀರು ಕುಡಿಯುವುದನ್ನು ನಿಲ್ಲಿಸುತ್ತದೆ, ಟ್ಯಾಂಕ್ ತುಂಬುತ್ತದೆ, ವಾಲ್ವ್ ಮುಚ್ಚುತ್ತದೆ. ಟ್ಯಾಂಕಿನ ನೀರು ಹಿಂದಕ್ಕೆ ಬರಲಿಲ್ಲ, ನಿಜ. ಆದರೆ ಮೇಲಿನ ಒಂಬತ್ತು ಮನೆಗಳ ನೀರಿಗೆ ದಾರಿಯೆಲ್ಲಿ? ಎಲ್ಲಕ್ಕಿಂತ ತಗ್ಗಿನಲ್ಲಿರುವ ನನ್ನ ಜಾಲಿಯೇ ದಾರಿ. ವಾಲ್ವನ್ನು ಇಡೀ ಕಟ್ಟಡದ ಕೊನೆಗೆ ಹಾಕದೆ, ನೆಲಮಹಡಿಯ ಪೈಪು ಮುಖ್ಯ ಪೈಪಿಗೆ ಸೇರುವುದಕ್ಕೆ ಮೊದಲು ಹಾಕಬೇಕಿತ್ತು. ಅದು ಮುಚ್ಚಿರುವಾಗ ನಾವು ಕೂಡ ನೀರು ಬಿಡಬಾರದೆಂದು ತಿಳಿಸಬೇಕಿತ್ತು. ಎರಡೂ ಆಗಲಿಲ್ಲ.

ಇನ್ನೊಂದು ಅನ್ಯಾಯವಿದೆ. ಗೇಟಿನ ಬಳಿ ನೀರು ನಿಲ್ಲುತ್ತದೆಂದು ತಾರಸಿಯ ಮಳೆನೀರಿನ ಪೈಪನ್ನೂ ಅವರು ಇದೇ ಚೇಂಬರಿಗೆ ಜೋಡಿಸಿ, ಅದಕ್ಕೆ ಬೇರೆ ಹಣ ಪಡೆದಿದ್ದರು. ನಮ್ಮದು 2,000 ಚದರಡಿಯ ತಾರಸಿ. ದಿನಕ್ಕೆ 100 ಮಿ.ಮೀ. ಮಳೆ ಬಿದ್ದರೆ 18,000 ಲೀಟರಿಗೂ ಹೆಚ್ಚು ನೀರು ಚರಂಡಿ ಪೈಪಿಗೆ ಇಳಿಯುತ್ತದೆ. ಕೇಳಿದರೆ, "ಈ ಸಲ ಮಳೆ ಜಾಸ್ತಿ" ಎಂದರು. ಕಾರವಾರದವರಿಗೆ ಹೇಳುವ ಮಾತೇ ಇದು? ಸಂಘದ ಕಾರ್ಯದರ್ಶಿಯವರಂತೂ, "ನೆಲಮಹಡಿ ತೆಗೆದುಕೊಂಡವರಿಗೆ ಇದು ಇದ್ದದ್ದೇ" ಎಂದುಬಿಟ್ಟರು. ಆ ಮಾತನ್ನು ನಾನು ಮರೆಯಲಾರೆ.

ರಸೀದಿಯಲ್ಲಿ "ಎಲ್ಲ ಚೇಂಬರ್ ಸ್ವಚ್ಛ" ಎಂದಿದೆ. ಎರಡನೆಯ ಚೇಂಬರಿನ ಮುಚ್ಚಳದ ಸುತ್ತಲಿನ ಹಳೆಯ ಸಿಮೆಂಟ್ ಬಿರುಕು ಕೂಡ ಬಿಟ್ಟಿರಲಿಲ್ಲ, ಅಂದರೆ ಅದನ್ನು ತೆರೆದೇ ಇರಲಿಲ್ಲ. ಕೊನೆಗೆ ಗುತ್ತಿಗೆದಾರರು, ಹುಡುಗನೊಬ್ಬನನ್ನು ಬರಿಗೈಯಲ್ಲಿ ಟ್ಯಾಂಕಿಗೆ ಇಳಿಸುತ್ತೇನೆಂದರು. ರಕ್ಷಣಾ ಸಲಕರಣೆಯಿಲ್ಲದೆ ಯಾರನ್ನೂ ಇಳಿಸುವುದು ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಅಪರಾಧವೆಂದು ಹೇಳಿ ತಡೆದೆ.

ದಯವಿಟ್ಟು ಪ್ರತಿಯೊಂದು ಚೇಂಬರನ್ನೂ ನಿಮ್ಮೆದುರಿಗೇ ತೆರೆಸಿ. ವಾಲ್ವ್ ಎಲ್ಲಿ ಕೂರುತ್ತದೆಂದು ಕಾಗದದ ಮೇಲೆ ಬರೆಸಿಕೊಳ್ಳಿ. ಮಳೆನೀರು ಚರಂಡಿ ಪೈಪಿಗೆ ಸೇರಲು ಬಿಡಬೇಡಿ. ಅಲ್ಲಿಯವರೆಗೆ ಹಣ ಕೊಡಬೇಡಿ. ಹಣ ಹಿಂದಿರುಗಿಸುವಂತೆ ನಾನು ಮೂರು ಪತ್ರ ಬರೆದೆ. ಒಂದಕ್ಕೂ ಉತ್ತರವಿಲ್ಲ, ತಾರಸಿಯ ಪೈಪು ಇನ್ನೂ ಅಲ್ಲಿಯೇ ಇದೆ.